ತೊಳೆದು ಕೊಟ್ಟ ಬಾಟಲಿ

"ಥೂ, ಇದು ನೀರಿನ ಬಾಟ್ಲೇನಮ್ಮೀ, ಇಲ್ಲ ನಿನ್ ಗಂಡ ಕುಡ್ದು ಉಚ್ಚೆ ಉಯ್ದಿಟ್ಟ ಬಾಟ್ಲೇನಮ್ಮೀ?"

ತಹಶೀಲ್ದಾರರ ಕೈಕೆಳಗಿನ ತಲೆಯಾರಿ ಏಕಾಂಬರಂ ಬಾಟಲಿಯ ಕತ್ತನ್ನು ಎರಡೇ ಬೆರಳಲ್ಲಿ ಹಿಡಿದು, ಮುಖವನ್ನು ಅತ್ತ ತಿರುಗಿಸಿಕೊಂಡು ಕೇಳಿದ. ಊರಾಚೆಯ ಕೇರಿಯಾದ ಓಡೈಮೇಡು ಚೇರಿಯ ಹೆಂಗಸರು ಕೈಪಂಪಿನ ನೀರನ್ನು ಸಿಕ್ಕಸಿಕ್ಕ ಬಾಟಲಿಯಲ್ಲಿ ತುಂಬಿಕೊಂಡು ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದರು. ಮುಂದೆ ಇದ್ದವಳು ಪಚ್ಚಿಯಮ್ಮ. ಅವಳ ಗಂಡ ಸತ್ತು ಬಹಳ ಕಾಲವಾಗಿತ್ತು. ತೊಗಲು ಹದ ಮಾಡುವ ಟ್ಯಾನರಿಯ ಕೊಳಚೆ ಗುಂಡಿ ಬಳಿಯಲು ಇಳಿದವನನ್ನು ಸೊಂಟಕ್ಕೆ ಹಗ್ಗ ಬಿಗಿದು ಮೇಲೆಳೆದು ಹಾಕಿದ್ದರು. ಬಾಟಲಿ ಮಾತ್ರ ಅವನದೇ. ಅದನ್ನೆಲ್ಲ ಹೇಳುವ ಗೋಜಿಗೆ ಅವಳು ಹೋಗಲಿಲ್ಲ.

"ಅವ್ಳ ಗಂಡ ಉಯ್ದಿದ್ರೆ ಇಷ್ಟೊತ್ಗೆ ಆರೋಗಿರದು ಬುಡಯ್ಯಾ," ಎಂದಳು ಹಿಂದೆ ನಿಂತಿದ್ದ ಕುಪ್ಪಾಯಿ. "ಅವ್ನೇ ಉಳೀಲಿಲ್ಲ, ಉಚ್ಚೆ ಎಲ್ಲಿ ಉಳೀತದೆ."

"ನಗ್ರೇ, ನಗ್ರಿ. ಕಾಲೇಜಿನ ಪ್ರೊಫೆಸರ್ ಸಾರು ಇದನ್ನ ಕೈಯಾಗೆ ಹಿಡೀಬೇಕು. ನೀವು ಮುಟ್ಟಿದ್ದು ಸಾಲ್ದು ಅಂತ ಮ್ಯಾಲೆ ಈ ಗಬ್ಬು ನಾತ ಬೇರೆ. ಬೋಸುಡಿ ಮುಂಡೇರಾ, ನಾಳೆ ಬೆಳಿಗ್ಗೆ ಅಷ್ಟೊತ್ಗೆ ಒಂದೊಂದು ಬಾಟ್ಲೀನೂ ಫಳಫಳ ಅನ್ಬೇಕು. ಇಲ್ದಿದ್ರೆ ನಿಮ್ ಕೇರಿ ನೀರಿಗೆ ಪರೀಕ್ಷೇನೇ ಇಲ್ಲ."

ಅವನು ನೀರನ್ನು ಬೇರಿನ ಮೇಲೆ ಸುರಿದು ಬಾಟಲಿ ಎಸೆದ. ಅದು ಉರುಳಿ ಬಂದು ಪಚ್ಚಿಯಮ್ಮನ ಕಾಲ ಬಳಿ ನಿಂತಿತು. ಉಳಿದವರದನ್ನೂ ಹಾಗೇ ಮಾಡಿದ. ಹಳದಿ ನೀರು ಮಣ್ಣಲ್ಲಿ ಇಂಗಿತು. ಬೇವಿನ ಮರ ಅದನ್ನು ಕುಡಿದು ಕುಡಿದು ಮೊದಲೇ ಅರ್ಧ ಒಣಗಿತ್ತು.

ಪರೀಕ್ಷೆ ಇಲ್ಲದಿದ್ದರೆ ಟ್ಯಾಂಕರ್ ಇಲ್ಲ. ಪಚ್ಚಿಯಮ್ಮ ಬಗ್ಗಿ ಬಾಟಲಿ ಎತ್ತಿಕೊಂಡದ್ದು ಅದಕ್ಕೇ.

ಹಿಂದಿನ ಬೇಸಿಗೆಯಲ್ಲಿ ಚೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಹೆದ್ದಾರಿಯಲ್ಲಿ ಕೂತಿದ್ದರು. ಬಸ್ಸು ಲಾರಿಗಳು ನಿಂತು, ಪೊಲೀಸರು ಲಾಠಿ ಬೀಸಿ, ಕೊನೆಗೆ ಕಲೆಕ್ಟರ್ ಹುಕುಂ ಮಾಡಿದ ಮೇಲೆ ದಿನಾ ಬೆಳಿಗ್ಗೆ ಒಂದು ಟ್ಯಾಂಕರ್ ಕುಡಿಯುವ ನೀರು ಬರತೊಡಗಿತು. ಕಳಿಸಬೇಕಾದವರು ಟ್ಯಾನರಿ ಮಾಲೀಕರ ಸಂಘದವರು. ಅದರ ಅಧ್ಯಕ್ಷ ಜಂಬುಲಿಂಗಂಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ಚೇರಿಯ ನೀರಿನಲ್ಲಿ ವಿಷ ಇದೆ ಎಂದು ಪರೀಕ್ಷೆಯಲ್ಲಿ ಬಂದರೆ ಬದುಕಿರುವವರೆಗೂ ಟ್ಯಾಂಕರ್ ಕಳಿಸುತ್ತೇನೆ, ಇಲ್ಲವೆಂದು ಬಂದರೆ ಮರುದಿನವೇ ನಿಲ್ಲಿಸುತ್ತೇನೆ ಎಂದು ಅವರು ತಹಶೀಲ್ದಾರರ ಎದುರೇ ಹೇಳಿದ್ದರು. ಹೆಂಗಸರು ಆಗಲಿ ಎಂದರು. ವಿಷ ಇರುವುದು ಅವರಿಗೆ ಗೊತ್ತಿತ್ತು. ಪಂಪಿನ ನೀರಲ್ಲಿ ಬೇಯಿಸಿದರೆ ಅನ್ನ ಹಳದಿಯಾಗುತ್ತದೆ, ಟ್ಯಾಂಕರ್ ನೀರಲ್ಲಿ ಬೇಯಿಸಿದರೆ ಅನ್ನ ಅನ್ನದ ಬಣ್ಣದಲ್ಲಿರುತ್ತದೆ. ಇನ್ನೇನು ಪರೀಕ್ಷೆ ಬೇಕು.

ಪಚ್ಚಿಯಮ್ಮನಿಗೆ ಟ್ಯಾಂಕರ್ ಬೇಕಾದದ್ದು ಮಗಳು ತೇನ್‌ಮೊಳಿಗೆ. ತೇನ್‌ಮೊಳಿಯ ಮೊದಲಿನ ಎರಡು ಮಕ್ಕಳೂ ಹೊಟ್ಟೆಯಲ್ಲೇ ಸತ್ತು ಹುಟ್ಟಿದ್ದವು. ಎರಡನೆಯದನ್ನು ಹೂಳಲು ಪಚ್ಚಿಯಮ್ಮನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದಳು. ಟ್ಯಾಂಕರ್ ಬಂದ ಮೇಲೆ ಇನ್ನೊಂದು ಬಸಿರು ನಿಂತಿತು. ಏಳು ತಿಂಗಳು ತುಂಬಿ ಬಳೆ ತೊಡಿಸಿದ್ದೂ ಆಯಿತು. ಟ್ಯಾಂಕರಿನಿಂದ ತಮ್ಮ ಪಾಲಿಗೆ ಬಂದ ನೀರನ್ನೆಲ್ಲ ಪಚ್ಚಿಯಮ್ಮ ಮಗಳ ಕೊಡಕ್ಕೆ ಸುರಿದು ಮುಚ್ಚಿಟ್ಟು, ತಾನು ಮಾತ್ರ ಪಂಪಿನದೇ ಕುಡಿಯುತ್ತಿದ್ದಳು. "ನನ್ ಹೊಟ್ಟೇಲಿ ಇನ್ನೇನು ಸಾಯಕ್ಕೈತೆ," ಎನ್ನುತ್ತಿದ್ದಳು.

ಪರೀಕ್ಷೆಯ ಮೇಲೆ ಅವಳಿಗೆ ನಂಬಿಕೆ ಹುಟ್ಟಿಸಿದ್ದು ಯಾಳಿನಿ. ವಿಶ್ವವಿದ್ಯಾಲಯದಿಂದ ಬಂದ ಕನ್ನಡಕದ ಹುಡುಗಿ, ಪ್ರೊಫೆಸರ ಕೈಕೆಳಗೆ ಓದುವವಳು. ಪಚ್ಚಿಯಮ್ಮನ ಮನೆಯೊಳಗೆ ಬಂದು ಚಾಪೆಯ ಮೇಲೆ ಕೂತು, ಕೊಟ್ಟ ಟೀಯನ್ನು ಯಾವ ನೀರಲ್ಲಿ ಮಾಡಿದ್ದು ಎಂದು ಕೇಳಿ ಕುಡಿದಳು. ಆ ಮನೆಗೆ ಬಂದವರಲ್ಲಿ ಜಾತಿ ಕೇಳದೆ ನೀರು ಕೇಳಿದವಳು ಅವಳೊಬ್ಬಳೇ.

"ಕಿತ್ತಳೆ ಸಿಪ್ಪೆ ಬೇಯಿಸಿ ಮಾಡಿದ್ದು ಅಮ್ಮಾ ಈ ಔಷಧಿ," ಎಂದು ಸಣ್ಣ ಸೀಸೆ ತೋರಿಸಿದಳು. "ಇದರಲ್ಲಿರೋದು ಇದ್ದಿಲಿನ ಪುಡಿನೇ. ಕಣ್ಣಿಗೆ ಕಾಣದಷ್ಟು ಸಣ್ಣದು. ಈ ನೇರಳೆ ದೀಪ ಹಿಡಿದ್ರೆ ಬೆಳಗುತ್ತೆ."

"ಇದ್ದಿಲು ಎಲ್ಲಾನ ಬೆಳಗ್ತದಾ?" ಎಂದಳು ಕುಪ್ಪಾಯಿ.

"ಅಷ್ಟು ಸಣ್ಣದಾದ್ರೆ ಬೆಳಗುತ್ತೆ."

"ನಮ್ಕಿಂತ ಸಣ್ಣೋರು ಈ ಊರಾಗಿಲ್ಲ. ನಾವ್ಯಾಕೆ ಬೆಳಗಾಕಿಲ್ಲ?"

ಯಾಳಿನಿ ನಕ್ಕು, ಕಂಬಳಿ ಇದ್ದರೆ ಕೊಡಿ ಎಂದಳು. ಮಟಮಟ ಮಧ್ಯಾಹ್ನ. ಹೆಂಗಸರೆಲ್ಲ ಅವಳ ಜೊತೆ ಒಂದೇ ಕಂಬಳಿಯೊಳಗೆ ತಲೆ ತೂರಿಸಿದರು. ಬೆವರು, ಎಣ್ಣೆ, ಸುಣ್ಣದ ತೊಗಲಿನ ವಾಸನೆ ಎಲ್ಲ ಒಟ್ಟಾಗಿ ಯಾಳಿನಿಗೆ ಕೆಮ್ಮು ಬಂತು. ಟ್ಯಾಂಕರ್ ನೀರಿಗೆ ಎರಡು ಹನಿ ಬಿಟ್ಟು ದೀಪ ಹಿಡಿದಳು. ನೀರು ನೀಲಿಯಾಗಿ ಬೆಳಗಿತು. ತೇನ್‌ಮೊಳಿ ಉಸಿರು ಹಿಡಿದದ್ದು ಪಚ್ಚಿಯಮ್ಮನ ಕಿವಿಗೆ ಕೇಳಿಸಿತು. ಆಮೇಲೆ ಪಂಪಿನ ನೀರಿಗೆ ಅದೇ ಎರಡು ಹನಿ. ಬೆಳಕು ಹುಟ್ಟಲೇ ಇಲ್ಲ.

"ತೊಗಲಿಗೆ ಹಾಕೋ ಕ್ರೋಮು ನೀರಲ್ಲಿ ಇದ್ರೆ ಇದು ಬೆಳಗಲ್ಲ, ಆರಿ ಹೋಗುತ್ತೆ. ಬೆಳಗಿದ್ರೆ ಒಳ್ಳೇ ನೀರು, ಆರಿದ್ರೆ ವಿಷ. ಅಷ್ಟೇ."

ತಾವು ಇಷ್ಟು ವರ್ಷ ಕುಡಿದದ್ದು ಹೇಗಿದೆ ಎಂದು ಹೆಂಗಸರು ಮೊದಲ ಸಲ ಕಣ್ಣಾರೆ ನೋಡಿದ್ದರು.

ಮೈಯೊಳಗೆ ಎಷ್ಟು ಸೇರಿದೆ ಎಂದು ನೋಡಲು ಉಗುರು ಬೇಕು ಎಂದಾಗ ಮಾತ್ರ ಎಲ್ಲರೂ ಕಂಬಳಿಯಿಂದ ಆಚೆ ಬಂದರು. ಉಗುರು ಕೂದಲು ಯಾರ ಕೈಗೂ ಕೊಡುವಂಥದ್ದಲ್ಲ. ಕೊಟ್ಟರೆ ಮಾಟ ಮಾಡುತ್ತಾರೆ. ಪಚ್ಚಿಯಮ್ಮ ತನ್ನ ಕೈ ಚಾಚಿದಳು. ಕ್ರೋಮಿನ ಡ್ರಮ್ಮಿನಿಂದ ನೀಲಿ ತೊಗಲು ಎಳೆದು ಎಳೆದು ಅವಳ ಬೆರಳುಗಳು ತೂತು ಬಿದ್ದಿದ್ದವು. ಉಗುರು ಉಳಿದದ್ದು ಕಿರುಬೆರಳಲ್ಲಿ ಮಾತ್ರ.

"ಇದ್ನೂ ತಕ್ಕೊಂಡೋಗು ತಾಯೀ. ನಂಗೆ ಇನ್ನೇನು ಮಾಟ ಮಾಡ್ತಾರೆ."

ಯಾಳಿನಿ ಆ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಉಗುರು ಕತ್ತರಿಸಿ ಸೀಸೆಗೆ ಹಾಕಿಕೊಂಡಳು. ಸರ್ಕಾರಿ ಪರೀಕ್ಷೆಗೆ ನೀರನ್ನು ತಾನು ತೆಗೆದುಕೊಳ್ಳುವ ಹಾಗಿಲ್ಲ, ತಲೆಯಾರಿಯ ಮೂಲಕವೇ ಬರಬೇಕಂತೆ ಎಂದು ಹೇಳಿ ಹೋಗಿದ್ದಳು.

ತಲೆಯಾರಿ ಬೈದು ಹೋದ ಸಂಜೆ ಹೆಂಗಸರು ಬಾಟಲಿ ತೊಳೆಯಲು ಕೂತರು. ಹಿತ್ತಾಳೆ ಚೊಂಬಾಗಿದ್ದರೆ ಹುಣಸೇಹಣ್ಣು ಬೂದಿ ಹಾಕಿ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಬಾಟಲಿಯೊಳಗೆ ಕೈ ಹೋಗುವುದಿಲ್ಲ. ಪಚ್ಚಿಯಮ್ಮ ಅಂಗಡಿಗೆ ಹೋಗಿ ಬಟ್ಟೆ ಒಗೆಯುವ ಪುಡಿಯ ಪೊಟ್ಟಣಗಳನ್ನು ತಂದಳು. ಚೇರಿಯಲ್ಲಿ ಆ ಪುಡಿ ತರುವವರಿರಲಿಲ್ಲ. ಬಿಳಿ ಬಟ್ಟೆ ಇದ್ದರಲ್ಲವೇ. ಪೊಟ್ಟಣದ ಮೇಲೆ ಬಿಳಿ ಅಂಗಿ ತೊಟ್ಟ ಗಂಡಸಿನ ಚಿತ್ರವಿತ್ತು, ಅಂಗಿಯಿಂದ ಕಿರಣ ಹೊರಡುತ್ತಿದ್ದವು.

"ಜಾಸ್ತಿ ಹಾಕೇ. ಆ ಬೋಳೀಮಗ ಮೂಸಿದ್ರೆ ಮಲ್ಲಿಗೆ ವಾಸ್ನೆ ಹೊಡೀಬೇಕು ಮೂಗಿಗೆ," ಎಂದಳು ಕುಪ್ಪಾಯಿ.

ಪುಡಿ ಹಾಕಿ, ಮರಳು ಹಾಕಿ, ಬಾಟಲಿ ಕುಲುಕಿದರು. ನೊರೆ ಉಕ್ಕಿತು. ಜಾಲಿಸುವ ಹೊತ್ತಿಗೆ ಕೈ ತಡೆಯಿತು. ಪಂಪಿನ ನೀರಲ್ಲಿ ಜಾಲಿಸಿದರೆ ಮತ್ತೆ ಕಂದು ಕಲೆ ಕೂರುತ್ತದೆ. ಟ್ಯಾಂಕರ್ ನೀರನ್ನು ಬಾಟಲಿ ತೊಳೆಯಲು ಚೆಲ್ಲುವಷ್ಟು ಸೊಕ್ಕು ಯಾರಿಗೂ ಬಂದಿರಲಿಲ್ಲ.

"ಒಂದು ಬೊಗಸೆ ಸಾಕು ಕಣವ್ವಾ," ಎಂದಳು ತೇನ್‌ಮೊಳಿ. "ವಾಸ್ನೆ ಹೋಗ್ಬಾರ್ದು. ಅವ್ರು ಮೂಗು ಮುಚ್ಕೊಳ್ಳೋದ ಇನ್ನೊಂದ್ಸಲ ನೋಡಕ್ಕಾಗಲ್ಲ ನನ್ ಕೈಲಿ."

ಒಂದೊಂದೇ ಬೊಗಸೆಯಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿದರು.

ಬೆಳಿಗ್ಗೆ ಪಂಪಿನ ನೀರು ತುಂಬಿ ಕೊಟ್ಟಾಗ ಏಕಾಂಬರಂ ಒಂದೊಂದನ್ನೂ ಮೂಸಿ ನೋಡಿ ಚೀಲಕ್ಕಿಳಿಸಿದ.

"ಹಾಂ, ಈಗ ನೋಡು. ಮನುಸ್ರು ಮುಟ್ಟಂಗೈತೆ. ಬೈದ್ರೇನೇ ನಿಮ್ಗೆ ಬುದ್ಧಿ."

ಪಚ್ಚಿಯಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಫಲಿತಾಂಶ ಹೇಳುವ ದಿನ ಮಾಲೀಕರ ಸಂಘದ ಹಾಲಿಗೆ ಎಲ್ಲರನ್ನೂ ಕರೆದಿದ್ದರು. ಚೇರಿಯಲ್ಲಿ ಒಂದು ಪದ್ಧತಿ: ನ್ಯಾಯ ಕೇಳಲು ದೊಡ್ಡವರ ಹತ್ತಿರ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಹೊಡೆಸಿಕೊಂಡವಳು ಹರಿದ ಸೀರೆ ತೆಗೆದುಕೊಂಡು ಹೋಗುತ್ತಾಳೆ, ಪೈರು ಮೇಯಿಸಿಕೊಂಡವನು ಬುಡದ ಮಣ್ಣು ಸಮೇತ ಪೈರು ಕಿತ್ತುಕೊಂಡು ಹೋಗುತ್ತಾನೆ. ಇದು ನೀರಿನ ನ್ಯಾಯ. ಹೆಂಗಸರೆಲ್ಲ ಮನೆಮನೆಯ ಹಿತ್ತಾಳೆ ಚೊಂಬು ಬೆಳಗಿ, ಪಂಪಿನ ನೀರು ತುಂಬಿ, ಬೇವಿನ ಸೊಪ್ಪು ಮುಚ್ಚಿ ತಂದರು.

"ಇದೇನು ಗೃಹಪ್ರವೇಶಾನಾ?" ಎಂದ ಬಾಗಿಲಲ್ಲಿದ್ದ ಜವಾನ. "ಒಳಗೆ ಹೊಸ ಜಮಖಾನ ಹಾಸೈತೆ. ಚೊಂಬು ಗಿಂಬು ಚಪ್ಪಲಿ ಹತ್ರ ಇಡ್ರಿ. ನೀವೂ ಅಲ್ಲೇ ಬಾಗ್ಲ ಪಕ್ಕ ಕುಂತ್ಕಳಿ."

ಚಪ್ಪಲಿಗಳ ಸಾಲಿನ ಪಕ್ಕ ಚೊಂಬುಗಳ ಸಾಲು ಕೂತಿತು. ಹೊಸ್ತಿಲ ಒಳಗೆ, ಗೋಡೆಗೆ ಬೆನ್ನು ಕೊಟ್ಟು ಹೆಂಗಸರು ಕೂತರು. ಸ್ವಿಚ್ಚುಗಳ ಹಲಗೆಯ ಕೆಳಗೆ ಕೂತವಳು ಕುಪ್ಪಾಯಿ.

ಮೇಜಿನ ಹಿಂದೆ ಜಂಬುಲಿಂಗಂ, ತಹಶೀಲ್ದಾರರು, ಪ್ರೊಫೆಸರು. ಜಂಬುಲಿಂಗಂ ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ. ಒಂದು ಪಕ್ಕ ಯಾಳಿನಿ ತಲೆ ತಗ್ಗಿಸಿ ನಿಂತಿದ್ದಳು. ಚೇರಿಯವರ ಕಡೆ ನೋಡಲಿಲ್ಲ. ಜವಾನ ಕಿಟಕಿಗಳಿಗೆ ಪರದೆ ಎಳೆದು, ಕುಪ್ಪಾಯಿಯ ತಲೆಯ ಮೇಲೆ ಕೈಚಾಚಿ ಲೈಟು ಆರಿಸಿದ. ಪ್ರೊಫೆಸರು ದೊಡ್ಡದೊಂದು ನೇರಳೆ ದೀಪ ಹಚ್ಚಿ, ಚೇರಿಯ ನೀರು ತುಂಬಿದ್ದ ಬಾಟಲಿಗಳನ್ನು ಚೀಲದೊಳಗೇ ಮುಚ್ಚಳ ತೆಗೆದು ಹನಿ ಬಿಟ್ಟು, ದೀಪದ ಮುಂದಿಡುತ್ತ ಹೋದರು.

ಒಂದೊಂದೇ ಬಾಟಲಿ ನೀಲಿಯಾಗಿ ಹೊತ್ತಿಕೊಂಡಿತು. ಪಕ್ಕದಲ್ಲಿಟ್ಟಿದ್ದ ಟ್ಯಾಂಕರ್ ನೀರಿಗಿಂತ ಜೋರಾಗಿ ಬೆಳಗಿತು. ಮುಂದೆ ಕುರ್ಚಿಯಲ್ಲಿದ್ದ ಮಾಲೀಕರು ಆಹಾ ಎಂದರು. ಅದರ ಅರ್ಥ ಮೊದಲು ತಿಳಿದದ್ದು ಚಪ್ಪಲಿ ಪಕ್ಕ ಕೂತವರಿಗೆ.

"ನಮ್ ನೀರು ಯಾವಾಗ ಒಳ್ಳೇದಾಯ್ತೇ?" ಎಂದು ಕುಪ್ಪಾಯಿ ಪಿಸುಗುಟ್ಟಿದಳು.

ತೇನ್‌ಮೊಳಿಯ ಕೈ ಬಂದು ಪಚ್ಚಿಯಮ್ಮನ ತೋಳನ್ನು ಬಿಗಿಯಾಗಿ ಹಿಡಿಯಿತು. ಹೊಸ ಬಳೆಗಳು ಒತ್ತಿದವು.

"ಕ್ರೋಮಿಯಂ ಪತ್ತೆಯಾಗಿಲ್ಲ," ಎಂದರು ಪ್ರೊಫೆಸರು.

"ರಿಪೋರ್ಟಿಗೆ ನಾನೂ ಸಹಿ ಮಾಡಿದೀನಿ," ಎಂದರು ತಹಶೀಲ್ದಾರರು. "ನಾಳೆಯಿಂದ ಟ್ಯಾಂಕರ್ ಬರಲ್ಲ. ನಿಮ್ಮ ನೀರು ನೀವೇ ಕುಡೀಬಹುದು."

"ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ," ಎಂದರು ಜಂಬುಲಿಂಗಂ. "ಇವರ ಮಕ್ಕಳು ಸಾಯೋದು ನೀರಿಂದಲ್ಲ. ತಿನ್ನೋ ದನದ ಮಾಂಸ, ಗಂಡಸ್ರ ಸಾರಾಯಿ, ಗಲೀಜು. ಪಾಪ ನಮ್ಮ ಟ್ಯಾನರಿ ಮೇಲೆ ಹಾಕೋದು."

ಪಚ್ಚಿಯಮ್ಮ ಅವರನ್ನೇ ನೋಡುತ್ತಿದ್ದಳು. ನೋಡದೆ ಇರುವ ಹಾಗೂ ಇರಲಿಲ್ಲ. ಆ ಕತ್ತಲಲ್ಲಿ ಜಂಬುಲಿಂಗಂ ಬೆಳಗುತ್ತಿದ್ದರು. ಅಂಗಿ, ಪಂಚೆ, ಹೆಗಲ ಮೇಲಿನ ಶಲ್ಯ ಎಲ್ಲವೂ ಬಾಟಲಿಯ ನೀಲಿಯಲ್ಲೇ ಹೊಳೆಯುತ್ತಿದ್ದವು. ಮುಂದಿನ ಸಾಲಿನ ಮಾಲೀಕರೂ ಬೆಳಗುತ್ತಿದ್ದರು. ಗೋಡೆ ಪಕ್ಕದ ಸೀರೆಗಳು ಕತ್ತಲಲ್ಲಿ ಕತ್ತಲಾಗಿದ್ದವು. ಹಲ್ಲು ಮಾತ್ರ ಎಲ್ಲರದೂ ಒಂದೇ ತರ ಹೊಳೆಯುತ್ತಿತ್ತು.

ಅವಳು ಎದ್ದು ನಿಂತಳು.

"ಅಯ್ಯಾ, ತೆಪ್ಪು ತಿಳ್ಕಾಬ್ಯಾಡಿ. ನಿಮ್ ಪಂಚೆಗೂ ಆ ಔಸದಿ ಹಾಕವ್ರಾ?"

ಮುಂದಿನ ಸಾಲು ನಕ್ಕಿತು. ಪ್ರೊಫೆಸರಿಗೆ ಪಾಠ ಹೇಳುವ ಹುಕಿ ಬಂತು.

"ಇಲ್ಲಮ್ಮ, ಅದು ಬಟ್ಟೆ ಒಗೆಯೋ ಪುಡಿ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ಒಂದು ಪದಾರ್ಥ ಹಾಕಿರ್ತಾರೆ. ಈ ದೀಪ ಹಿಡಿದ್ರೆ ಅದೂ ನೀಲಿಯಾಗಿ..."

ಅವರು ಅಲ್ಲಿಗೇ ನಿಲ್ಲಿಸಿದರು. ಯಾಳಿನಿ ತಲೆ ಎತ್ತಿದ್ದಳು.

"ಅಮ್ಮಾ," ಎಂದಳು. "ಬಾಟಲಿ ಯಾವುದರಲ್ಲಿ ತೊಳೆದ್ರಿ?"

"ಪುಡೀಲಿ ತಾಯೀ. ನಾತ ಹೊಡೀತದೆ ಅಂದ್ರು. ಚೆಂದಾಗಿ ಹಾಕಿ ತೊಳ್ದೋ."

"ಸರ್, ಇದು ಔಷಧಿ ಬೆಳಕಲ್ಲ, ಪುಡಿ ಬೆಳಕು. ಪುಡಿ ಇಷ್ಟು ಜಾಸ್ತಿ ಆದ್ರೆ ವಿಷಕ್ಕೂ ಅದನ್ನ ಆರಿಸಕ್ಕಾಗಲ್ಲ. ಹನಿ ಬಿಡೋ ಮುಂಚೆನೇ ನೋಡಬೇಕಿತ್ತು. ಟ್ಯಾಂಕರ್ ನೀರಿಗಿಂತ ಜಾಸ್ತಿ ಬೆಳಗ್ತಿದೆ ಅಂತ ಲ್ಯಾಬಲ್ಲಿ ನೋಡಿದ ದಿನಾನೇ ನಾನು ಹೇಳಿದ್ದೆ ಸರ್..."

"ಯಾಳಿನಿ, ಕೂತ್ಕೋ. ನಿನ್ನ ಡಿಗ್ರಿ ಇನ್ನೂ ನನ್ನ ಕೈಲಿದೆ."

ಅವಳು ಕೂರಲಿಲ್ಲ.

"ತೊಳೆಯೋಕೆ ಹೇಳಿದ್ದು ಯಾರು?" ಎಂದರು ತಹಶೀಲ್ದಾರರು.

ಮೂಲೆಯಿಂದ ಏಕಾಂಬರಂನ ದನಿ ಬಂತು. "ನಾನು ತೊಳೀರಿ ಅಂದೆ ಸಾರ್. ಪುಡೀಲಿ ತೊಳೀರಿ ಅಂದ್ನಾ? ಈ ಜನಕ್ಕೆ ಸರ್ಯಾಗಿ ತೊಳೆಯಾಕೂ ಬರಲ್ಲ."

"ಹಂಗಿದ್ರೆ ತಪ್ಪು ಅವರದ್ದೇ," ಎಂದರು ಜಂಬುಲಿಂಗಂ. "ಸಹಿ ಆಗಿರೋ ರಿಪೋರ್ಟು. ಬೇಕಾದ್ರೆ ಮುಂದಿನ ವರ್ಷ ಇನ್ನೊಂದ್ಸಲ ಪರೀಕ್ಷೆ ಮಾಡಿಸೋಣ. ಅಷ್ಟ್ರೊಳಗೆ ಬಾಟ್ಲಿ ತೊಳೆಯೋದು ಕಲ್ತಿರ್ತಾರೆ."

ಮುಂದಿನ ಸಾಲು ಮತ್ತೆ ನಕ್ಕಿತು.

"ನನ್ ಉಗ್ರು?" ಎಂದಳು ಪಚ್ಚಿಯಮ್ಮ. "ಉಗ್ರು ಪುಡೀಲಿ ತೊಳ್ದಿರ್ಲಿಲ್ಲ. ಅದೇನಾಯ್ತು?"

ಯಾಳಿನಿ ಮೆಲ್ಲಗೆ, "ಆರಿ ಹೋಯ್ತಮ್ಮ. ಪೂರ್ತಿ ಆರಿ ಹೋಯ್ತು," ಎಂದಳು.

"ಅದು ಬೇರೆ ಸಂಶೋಧನೆ," ಎಂದರು ಪ್ರೊಫೆಸರು ತಹಶೀಲ್ದಾರರ ಕಡೆ ತಿರುಗಿ. "ವಿದೇಶದ ಪತ್ರಿಕೆಗೆ ಕಳಿಸಿದೀವಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ನೋಡೇ, ನಿನ್ ಉಗ್ರು ಫಾರಿನ್‌ಗೋಯ್ತು," ಎಂದಳು ಕುಪ್ಪಾಯಿ. "ನೀನೇ ಇಲ್ಲಿ ಕುಂತಿರದು."

ಯಾರೂ ನಗಲಿಲ್ಲ. ನಾಳೆ ಬೆಳಿಗ್ಗೆ ಟ್ಯಾಂಕರ್ ಬರುವುದಿಲ್ಲ. ಮಗಳ ಕೊಡದಲ್ಲಿ ಇರುವುದು ಈ ರಾತ್ರಿಗೆ ಆಗುವಷ್ಟು. ಅದಾದ ಮೇಲೆ ತೇನ್‌ಮೊಳಿ ಕುಡಿಯುವುದು ಪಂಪಿನದೇ, ಅವಳ ಹೊಟ್ಟೆಯೊಳಗಿನದು ಕುಡಿಯುವುದೂ ಅದನ್ನೇ. ಪಚ್ಚಿಯಮ್ಮನಿಗೆ ಬಟ್ಟೆಯಲ್ಲಿ ಸುತ್ತಿದ್ದ ಭಾರ ತೋಳಿಗೆ ನೆನಪಾಯಿತು. ಅದೇನು ದೊಡ್ಡ ಭಾರವಾಗಿರಲಿಲ್ಲ.

"ಸರಿ, ಮುಗೀತು. ಲೈಟ್ ಹಾಕ್ರಪ್ಪಾ," ಎಂದರು ತಹಶೀಲ್ದಾರರು.

ಜವಾನ ಬಾಗಿಲ ಕಡೆ ಬಂದ. ಕುಪ್ಪಾಯಿ ಆಗಲೇ ಎದ್ದು ಸ್ವಿಚ್ಚುಗಳ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಜರುಗಮ್ಮೀ."

"ಸೊಂಟ ಹಿಡ್ಕಂಡೈತೆ. ಜರುಗಾಕಾಗಲ್ಲ."

ಅವಳನ್ನು ಸರಿಸಬೇಕಾದರೆ ಮುಟ್ಟಬೇಕಿತ್ತು. ಜವಾನ ಕೈ ಚಾಚಿದವನು ಹಾಗೇ ನಿಂತ.

ಪಚ್ಚಿಯಮ್ಮ ಹೊಸ್ತಿಲು ದಾಟಿ ತನ್ನ ಚೊಂಬು ಎತ್ತಿಕೊಂಡಳು. ಸೊಪ್ಪು ತೆಗೆದು ಚಪ್ಪಲಿಗಳ ಮೇಲೆ ಹಾಕಿದಳು. ಒಳಗೆ ಬಂದು ಹೊಸ ಜಮಖಾನದ ನಡುವೆ ಬರಿಗಾಲಲ್ಲಿ ನಡೆದಳು. ಬೆಳಗುತ್ತಿದ್ದವರಿಗೆ ಅವಳು ಕಾಣಲಿಲ್ಲ. ಅವಳಿಗೆ ಅವರೆಲ್ಲ ಚೆನ್ನಾಗಿ ಕಾಣುತ್ತಿದ್ದರು. ಹುಟ್ಟಿದಾಗಿನಿಂದ ಈ ಊರಲ್ಲಿ ಹಾಗೆ ನಡೆದದ್ದು ಅವಳಿಗೆ ಅದೇ ಮೊದಲು.

"ಯಾರದು?" ಎಂದರು ಜಂಬುಲಿಂಗಂ, ಮೇಜಿನ ಪಕ್ಕಕ್ಕೆ ನೆರಳು ಬಂದಾಗ. ಎದ್ದು ನಿಂತರು.

ಪಚ್ಚಿಯಮ್ಮ ಚೊಂಬಿನ ನೀರನ್ನು ಅವರ ಸೊಂಟದ ಕೆಳಗೆ ನಿಧಾನವಾಗಿ, ಒಂದು ಹನಿಯೂ ಜಮಖಾನಕ್ಕೆ ವ್ಯರ್ಥವಾಗದ ಹಾಗೆ ಸುರಿದಳು.

ನೀಲಿ ಆರಿತು. ನೀರು ಇಳಿದಲ್ಲೆಲ್ಲ ಆರಿತು. ತೊಡೆ, ಮಂಡಿ, ಮೀನಖಂಡ, ಪಂಚೆಯ ಅಂಚು. ಸೊಂಟದ ಮೇಲೆ ಜಂಬುಲಿಂಗಂ ಬೆಳಗುತ್ತಿದ್ದರು. ಕೆಳಗೆ ಏನೂ ಇರಲಿಲ್ಲ. ಪ್ರೊಫೆಸರು ಬಗ್ಗಿ ನೋಡಿದರು.

"ಈ ಚೊಂಬು ಹುಣಸೇಹಣ್ಣಾಗೆ ಬೆಳಗಿದ್ದು," ಎಂದಳು ಪಚ್ಚಿಯಮ್ಮ, ಯಾಳಿನಿಯ ಕಡೆ ತಿರುಗಿ. "ಪುಡಿ ಹಾಕಿಲ್ಲ. ಬರ್ಕೋ ತಾಯೀ."

"ಲೌಡಿ ಮುಂಡೇ," ಎಂದು ಜಂಬುಲಿಂಗಂ ಕಿರುಚಿದರು. "ಲೈಟ್ ಹಾಕ್ರೋ. ಪೊಲೀಸ್ರನ್ನ ಕರೀರೋ."

ಕುಪ್ಪಾಯಿ ಹಲಗೆ ಬಿಡಲಿಲ್ಲ. ಯಾಳಿನಿ ನೇರಳೆ ದೀಪ ಆರಿಸಲಿಲ್ಲ. ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಉಳಿದ ಚೊಂಬುಗಳಿದ್ದವು. ಗೋಡೆಯುದ್ದಕ್ಕೂ ಕತ್ತಲಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅತ್ತ ಹೋಗುವುದು ಕೇಳಿಸಿತು. ಮೊದಲು ಕೇಳಿಸಿದ್ದು ತೇನ್‌ಮೊಳಿಯ ಬಳೆ.